ನಾಯಿ-ಬೆಕ್ಕು ಇರುವ ಮನೆಗೆ ಎಂಥ ಜಮಖಾನ? ಒಗೆದು ಒಣಗಿಸಲು ಬರುವುದೇ ಮೇಲು

ಮುಂಬಯಿ ಮತ್ತು ಉಪನಗರಗಳ ಕನ್ನಡಿಗರ ಮನೆಗಳಲ್ಲಿ ಇಂದು ನಾಯಿ, ಬೆಕ್ಕುಗಳೂ ಮನೆಮಂದಿಯೇ ಆಗಿಬಿಟ್ಟಿವೆ. ಊರಿನಲ್ಲಾದರೆ ನಾಯಿಗೆ ಅಂಗಳವಿತ್ತು, ಬೆಕ್ಕಿಗೆ ಅಟ್ಟವಿತ್ತು. ನೆಲ ಹೊಲಸಾದರೆ ಒಂದು ಕೊಡ ನೀರು ಸುರಿದು ಗುಡಿಸಿದರೆ ಮುಗಿಯುತ್ತಿತ್ತು. ಆದರೆ ಡೊಂಬಿವಲಿ, ಮುಲುಂಡ್, ಮೀರಾರೋಡ್‌ನ ಒಂದೆರಡು ಕೋಣೆಗಳ ಫ್ಲ್ಯಾಟಿನಲ್ಲಿ ಮನೆಮಂದಿ ಕೂರುವ ಜಾಗದಲ್ಲೇ ನಾಯಿಯೂ ಮಲಗಬೇಕು. ಹಬ್ಬಕ್ಕೆ ನೆಂಟರು ಬಂದರೆ, ಮನೆಯಲ್ಲಿ ಭಜನೆಯಿದ್ದರೆ ಅದೇ ಜಾಗದಲ್ಲಿ ಜಮಖಾನ ಹಾಸಬೇಕು. ಹೀಗಾಗಿ ನೆಲಕ್ಕೆ ಏನು ಹಾಸುವುದು ಎಂಬ ಸಣ್ಣ ಪ್ರಶ್ನೆ ಅನೇಕ ಮನೆಗಳಲ್ಲಿ ದೊಡ್ಡ ತಕರಾರಿಗೆ ಕಾರಣವಾಗುತ್ತಿದೆ.

ಹೆಚ್ಚಿನವರು ಬಣ್ಣ, ಅಂದ ನೋಡಿ ಕಾರ್ಪೆಟ್ ಕೊಳ್ಳುತ್ತಾರೆ. ಮಳೆಗಾಲ ಬಂದೊಡನೆ ಅದು ಮುಗ್ಗಲು ವಾಸನೆ ಹಿಡಿಯುತ್ತದೆ. ಮೂತ್ರದ ವಾಸನೆಯೂ ಸೇರಿಕೊಂಡರೆ ಮನೆಯ ಹಿರಿಯರಿಗೆ ಕಿರಿಕಿರಿ, ನೆರೆಯವರಿಂದ ದೂರು. ಕೊನೆಗೆ ಸಿಟ್ಟೆಲ್ಲ ಮೂಕಪ್ರಾಣಿಯ ಮೇಲೆ ತಿರುಗಿ, 'ಎಲ್ಲಾದರೂ ಬಿಟ್ಟು ಬನ್ನಿ' ಎನ್ನುವಲ್ಲಿಗೆ ಮಾತು ಮುಟ್ಟುವುದುಂಟು. ತಪ್ಪು ಪ್ರಾಣಿಯದಲ್ಲ, ಆರಿಸಿದ ಬಟ್ಟೆಯದು. ಸ್ವಲ್ಪ ತಿಳಿದು ಕೊಂಡರೆ ಕಡಿಮೆ ಖರ್ಚಿನಲ್ಲೇ ಈ ತೊಂದರೆಯನ್ನು ತಪ್ಪಿಸಬಹುದು.

ಜಮಖಾನ ಬೇಕೇ, ಬೇಡವೇ?

ಬರಿ ನೆಲವೇ ಸಾಕು ಎನ್ನುವವರಿದ್ದಾರೆ. ಆದರೆ ಇಂದಿನ ಮನೆಗಳಲ್ಲಿರುವ ವಿಟ್ರಿಫೈಡ್ ಟೈಲ್ಸ್ ಬಹಳ ನುಣುಪು. ನಾಯಿಯ ಉಗುರಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಏಳುವಾಗ, ಓಡುವಾಗ ಹಿಂಗಾಲು ಜಾರುತ್ತದೆ. ವಯಸ್ಸಾದ ನಾಯಿಗೆ, ಲ್ಯಾಬ್ರಡಾರ್, ಜರ್ಮನ್ ಶೆಪರ್ಡ್‌ನಂಥ ಸೊಂಟದ ಕೀಲಿನ ತೊಂದರೆ ಸಾಮಾನ್ಯವಾಗಿರುವ ದೊಡ್ಡ ತಳಿಗಳಿಗೆ ಇದು ನಿತ್ಯದ ಹಿಂಸೆ. ಅದು ಮಲಗುವ, ಎದ್ದು ನಡೆಯುವ ದಾರಿಯಲ್ಲಾದರೂ ಏನಾದರೊಂದು ಹಾಸು ಇರಲೇಬೇಕು.

ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ನೆಲದ ಮೇಲೆ ಸಡಿಲಾಗಿ ಬಿದ್ದಿರುವ ಜಮಖಾನಕ್ಕೆ ಕಾಲು ತೊಡರಿ ಹಿರಿಯರು ಬೀಳುವ ಅಪಾಯವಿದೆ. ಆದ್ದರಿಂದ ಯಾವುದೇ ಹಾಸಿನ ಕೆಳಗೆ ಜಾರದಂತೆ ಹಿಡಿಯುವ ರಬ್ಬರಿನ ಅಥವಾ ಪಿವಿಸಿ ಜಾಳಿಗೆ ಹಾಕುವುದು ಅಗತ್ಯ. ಇದನ್ನು ಕತ್ತರಿಸಿ ಬೇಕಾದ ಅಳತೆಗೆ ಮಾಡಿಕೊಳ್ಳಬಹುದು, ನೀರಿನಲ್ಲಿ ತೊಳೆಯಬಹುದು.

ಕೊಳ್ಳುವ ಮುನ್ನ ಮೂರು ಪ್ರಶ್ನೆ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳಬೇಕು. ಒದ್ದೆಯಾದಾಗ ಇದನ್ನು ಮನೆಯ ಒಬ್ಬರೇ ಎತ್ತಬಲ್ಲರೇ? ನಮ್ಮ ಬಚ್ಚಲಿನಲ್ಲಿ ಅಥವಾ ವಾಷಿಂಗ್ ಮೆಷಿನ್‌ನಲ್ಲಿ ಇದನ್ನು ಒಗೆಯಬಹುದೇ? ನಮ್ಮ ಬಾಲ್ಕನಿಯಲ್ಲೋ ಕಿಟಕಿಯ ಗ್ರಿಲ್‌ನಲ್ಲೋ ಇದು ಒಂದೆರಡು ದಿನದಲ್ಲಿ ಒಣಗುತ್ತದೆಯೇ? ಈ ಮೂರಕ್ಕೂ 'ಹೌದು' ಎನ್ನಲು ಬರುವ ಹಾಸೇ ಪ್ರಾಣಿಗಳಿರುವ ಮನೆಗೆ ತಕ್ಕದ್ದು.

ಮೂರನೆಯ ಪ್ರಶ್ನೆ ಮುಂಬಯಿಗರಿಗೆ ಎಲ್ಲಕ್ಕಿಂತ ಮುಖ್ಯ. ಇಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸಪ್ಟಂಬರ್ ವರೆಗಿನ ನಾಲ್ಕೇ ತಿಂಗಳಲ್ಲಿ. ಜುಲೈ, ಆಗಸ್ಟ್‌ನಲ್ಲಿ ಗಾಳಿಯ ತೇವಾಂಶ ಶೇ. 80ನ್ನು ಮೀರುತ್ತದೆ. ಒಳಗುಡ್ಡೆ ಹಸಿಯಾಗಿ ಉಳಿದ ದಪ್ಪ ಕಾರ್ಪೆಟ್ ಬೂಷ್ಟು ಹಿಡಿಯದೆ ಇರದು. ಚೆನ್ನೈಯ ಕಡಲ ಗಾಳಿಗೂ ಈ ಮಾತು ಸಲ್ಲುತ್ತದೆ. ಹೈದರಾಬಾದ್, ಪುಣೆ, ದಿಲ್ಲಿಯ ನಮ್ಮವರಿಗೆ ಒಣಹವೆಯ ತಿಂಗಳುಗಳು ಹೆಚ್ಚು ಸಿಗುವುದರಿಂದ ಆಯ್ಕೆ ತುಸು ಸಲೀಸು.

ಹತ್ತಿ: ಒಗೆಯಲು ಹೇಳಿ ಮಾಡಿಸಿದ್ದು

ಹತ್ತಿಯ ನೂಲಿಗೆ ಒಂದು ವಿಶೇಷ ಗುಣವಿದೆ. ಒದ್ದೆಯಾದಾಗ ಅದರ ಬಲ ಕುಗ್ಗುವುದಿಲ್ಲ, ಬದಲು ಹೆಚ್ಚುತ್ತದೆ. ಹಾಗಾಗಿಯೇ ಹತ್ತಿ ಬಟ್ಟೆಯನ್ನು ಎಷ್ಟು ಸಲ ಕುಕ್ಕಿ ಒಗೆದರೂ ಬಾಳಿಕೆ ಬರುತ್ತದೆ. ತೆಳುವಾದ ಹತ್ತಿಯ ದರಿ ಸೋಪಿನ ನೀರನ್ನು, ಬಿಸಿನೀರನ್ನು ತಡೆಯುತ್ತದೆ. ನಾಯಿಯ ಉಗುರು ತಾಗಿದರೂ ಸುಲಭವಾಗಿ ಎಳೆ ಕಿತ್ತು ಬರುವುದಿಲ್ಲ.

ಅದಕ್ಕೆ ಕೊರತೆಗಳೂ ಇವೆ. ಹತ್ತಿ ನೀರನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಮೂತ್ರ ಬಿದ್ದರೆ ಕೂಡಲೇ ಎತ್ತಿ ಒಗೆಯಬೇಕು. ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ. ಗಾಢ ಬಣ್ಣದ ದರಿ ಬಣ್ಣ ಬಿಡಬಹುದು. ಅಂಗಡಿಯಲ್ಲೇ ಒಂದು ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಮೂಲೆಯೊಂದರಲ್ಲಿ ಉಜ್ಜಿ ನೋಡಿದರೆ ಇದು ತಿಳಿದುಹೋಗುತ್ತದೆ.

ಹತ್ತಿ ಜಮಖಾನ ಎಂದೊಡನೆ ಧಾರವಾಡ ಜಿಲ್ಲೆಯ ನವಲಗುಂದ ನೆನಪಾಗದಿರದು. ನವಿಲು, ಚೌಕಾಬಾರದ ಮನೆಗಳಂಥ ಚಿತ್ತಾರಗಳನ್ನು ಮಗ್ಗದಲ್ಲಿ ಕೈಯಿಂದಲೇ ಮೂಡಿಸುವ ಅಲ್ಲಿನ ಮಹಿಳೆಯರ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಈಗ ನೇಯುವ ಕೈಗಳು ಕೆಲವೇ ಉಳಿದಿವೆ. ಅಂಥದ್ದೊಂದು ಮನೆಯಲ್ಲಿದ್ದರೆ ಅದನ್ನು ನಾಯಿಯ ಹಾಸಿಗೆ ಮಾಡದೆ ಹಬ್ಬಕ್ಕೆ, ಅತಿಥಿಗಳಿಗೆ ಮೀಸಲಿಡುವುದೇ ಚೆಂದ. ದಿನಬಳಕೆಗೆ ಪೇಟೆಯಲ್ಲಿ ಸಿಗುವ ಸಾದಾ ಹತ್ತಿ ದರಿ ಸಾಕು.

ಮನೆಯಲ್ಲಿ ಹಳೆಯ ಸೊಲ್ಲಾಪುರ ಚಾದರವಿದ್ದರೆ ಖರ್ಚೇ ಇಲ್ಲದ ದಾರಿಯೊಂದಿದೆ. ಪ್ರಾಣಿ ಮಲಗುವ ಕಡೆ ಜಮಖಾನದ ಮೇಲೆ ಅದನ್ನು ಎರಡು ಮಡಿಕೆ ಮಾಡಿ ಹಾಸಿ, ವಾರಕ್ಕೊಮ್ಮೆ ಒಗೆದರೆ ಕೆಳಗಿನ ಜಮಖಾನ ತಿಂಗಳುಗಟ್ಟಲೆ ಶುಚಿಯಾಗಿರುತ್ತದೆ. ಉತ್ತರ ಕರ್ನಾಟಕದವರ ಮನೆಯ ಕೌದಿ ಮೆತ್ತಗಿದ್ದರೂ ಪದರ ಹೆಚ್ಚಿರುವುದರಿಂದ ಮಳೆಗಾಲದಲ್ಲಿ ಬೇಗ ಒಣಗದು. ಅದನ್ನು ಬೇಸಿಗೆಗೆ ಇಟ್ಟುಕೊಳ್ಳಬಹುದು.

ಪಾಲಿಪ್ರೊಪಿಲೀನ್: ಮಳೆಗಾಲದ ಗೆಳೆಯ

ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಯಂತ್ರದ ಕಾರ್ಪೆಟ್‌ಗಳಲ್ಲಿ ಬಹಳಷ್ಟು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲಿನವು. ಲೇಬಲ್‌ನಲ್ಲಿ ಕೆಲವೊಮ್ಮೆ 'ಪಿಪಿ' ಎಂದಷ್ಟೇ ಇರುತ್ತದೆ. ಈ ನೂಲು ನೀರನ್ನು ಹೀರುವುದೇ ಇಲ್ಲ ಎನ್ನಬಹುದು. ಮೂತ್ರ ಎಳೆಯೊಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ನೂಲು ತಯಾರಿಸುವಾಗಲೇ ಬಣ್ಣ ಬೆರೆಸುವುದರಿಂದ ಒಗೆದಾಗ ಬಣ್ಣ ಹೋಗುವ ಭಯವೂ ಕಡಿಮೆ. ತೊಳೆದು ನೇತುಹಾಕಿದರೆ ಹತ್ತಿಗಿಂತ ಬಹುಬೇಗ ಒಣಗುತ್ತದೆ.

ಇದಕ್ಕಿರುವ ಶತ್ರುಗಳು ಎರಡು: ಎಣ್ಣೆ ಮತ್ತು ಬಿಸಿ. ಎಣ್ಣೆಯ ಕಲೆ ಇದಕ್ಕೆ ಬಲವಾಗಿ ಅಂಟಿಕೊಳ್ಳುತ್ತದೆ. ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಇಸ್ತ್ರಿಪೆಟ್ಟಿಗೆ, ಅಗರಬತ್ತಿಯ ಕಿಡಿ ತಾಗದಂತೆ ನೋಡಿಕೊಳ್ಳಬೇಕು. ದೇವರ ಕೋಣೆಗೆ ಇದು ಹೇಳಿಸಿದ್ದಲ್ಲ.

ಇದೇ ಪ್ಲಾಸ್ಟಿಕ್ಕಿನ ಕೊಳವೆಯೆಳೆಗಳಿಂದ ಹೆಣೆದ ಚಾಪೆ ನಮ್ಮವರಿಗೆಲ್ಲ ಪರಿಚಿತ. ಎಲ್ಲಕ್ಕಿಂತ ಅಗ್ಗವೂ ಇದೇ. ಬಚ್ಚಲಿನಲ್ಲಿ ನೀರು ಹೊಯ್ದು ಉಜ್ಜಿ ಗೋಡೆಗೆ ಆನಿಸಿದರೆ ಮಳೆಗಾಲದಲ್ಲೂ ಅರ್ಧ ದಿನದೊಳಗೆ ಸಿದ್ಧ. ನುಣುಪಾದ ಟೈಲ್ಸ್ ಮೇಲೆ ಜಾರುತ್ತದೆ, ಉಗುರಿಗೆ ಸಿಕ್ಕಿದ ಎಳೆ ತುಂಡಾಗುತ್ತದೆ ಎಂಬುದಷ್ಟೇ ದೋಷ. ಕೆಳಗೆ ಜಾಳಿಗೆ ಹಾಕಿದರೆ ಮೊದಲ ದೋಷ ನಿವಾರಣೆಯಾಗುತ್ತದೆ.

ಪಾಲಿಯೆಸ್ಟರ್ ಕಾರ್ಪೆಟ್ ಕೂಡ ನೀರು ಹೀರುವುದು ಕಡಿಮೆ, ಮುಟ್ಟಲು ಮೃದು. ಆದರೆ ತುಳಿದಂತೆಲ್ಲ ಅದರ ತುಪ್ಪಳ ಮಲಗಿಬಿಡುತ್ತದೆ. ನೈಲಾನ್ ತುಳಿತಕ್ಕೆ ಹೆಚ್ಚು ಗಟ್ಟಿ, ಬೆಲೆಯೂ ಹೆಚ್ಚು.

ಉಣ್ಣೆ, ಸೆಣಬು, 'ರೇಷ್ಮೆ': ಎಚ್ಚರ ಅಗತ್ಯ

ಉಣ್ಣೆ ಉತ್ತಮ ನೂಲು ಎಂಬುದರಲ್ಲಿ ಎರಡು ಮಾತಿಲ್ಲ. ಕುರುಬರ ಕಂಬಳಿಯ ಬಾಳಿಕೆ ಯಾರಿಗೆ ಗೊತ್ತಿಲ್ಲ? ಆದರೆ ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವವನ್ನು ಒಳಗೆಳೆದುಕೊಳ್ಳಬಲ್ಲದು. ಆದ್ದರಿಂದ ವಾಸನೆಯೂ ಒಳಗೇ ಉಳಿಯುತ್ತದೆ. ಉಣ್ಣೆ ಪ್ರೋಟೀನಿನಿಂದಾದುದು. ಬ್ಲೀಚಿಂಗ್ ದ್ರಾವಣ ಅದನ್ನು ಕರಗಿಸಿಯೇ ಬಿಡುತ್ತದೆ. ಕಲೆ ತೆಗೆಯಲು ಬಳಸುವ ಎನ್‌ಝೈಮ್ ದ್ರವಗಳಲ್ಲಿ ಪ್ರೋಟೀನನ್ನು ಒಡೆಯುವ ಬಗೆಯೂ ಇರುವುದರಿಂದ ಅವೂ ಉಣ್ಣೆಗೆ ಆಗಿಬರುವುದಿಲ್ಲ. ಉಣ್ಣೆ ಇದ್ದೇ ಇದೆ ಎನ್ನುವವರು ಅಂಟುವಾಳದ ನೀರು, ತಣ್ಣೀರು ಬಳಸಿ ನೆರಳಿನಲ್ಲಿ ಒಣಗಿಸಬೇಕು. ದಿಲ್ಲಿಯ ಚಳಿಗೆ ಉಣ್ಣೆ ಸರಿ. ಮುಂಬಯಿಯ ಮಳೆಗೆ, ಅದರಲ್ಲೂ ಇನ್ನೂ ಅಭ್ಯಾಸವಾಗದ ನಾಯಿಮರಿ ಇರುವ ಮನೆಗೆ ಬೇಡ.

ಸೆಣಬಿನ ಹಾಸು ನೋಡಲು ಚೆಂದ, ಬೆಲೆಯೂ ಕಡಿಮೆ. ಆದರೆ ಒದ್ದೆಯಾದರೆ ಕಂದು ಕಲೆ ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ, ಎಳೆ ದುರ್ಬಲವಾಗುತ್ತದೆ. ಬೆಕ್ಕಿಗಂತೂ ಇಂಥ ಒರಟು ಮೈ ಕಂಡರೆ ಪರಚುವ ಆಸೆ. ಬೆಕ್ಕಿನ ಆಸೆ ತೀರಿಸಲು ತೆಂಗಿನ ನಾರಿನ ಹಳೆಯ ಕಾಲೊರಸನ್ನು ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದರೆ ಸೋಫಾ, ಜಮಖಾನ ಎರಡೂ ಉಳಿಯುತ್ತವೆ.

ಫುಟ್‌ಪಾತ್‌ನಲ್ಲಿ, ಮೇಳಗಳಲ್ಲಿ 'ರೇಷ್ಮೆ ಕಾರ್ಪೆಟ್', 'ಬಿದಿರಿನ ರೇಷ್ಮೆ' ಎಂದು ಹೊಳೆಯುವ ಹಾಸುಗಳನ್ನು ಅಗ್ಗಕ್ಕೆ ಮಾರುವುದುಂಟು. ಇವು ಸಾಮಾನ್ಯವಾಗಿ ವಿಸ್ಕೋಸ್. ವಿಸ್ಕೋಸ್ ಒದ್ದೆಯಾದರೆ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಬರೀ ನೀರು ಬಿದ್ದರೂ ಹಳದಿ ಕಲೆ ಉಳಿಯಬಹುದು. ನಾಯಿ-ಬೆಕ್ಕಿನ ಮನೆಗೆ ಇದರಷ್ಟು ಒಗ್ಗದ ಹಾಸು ಬೇರೊಂದಿಲ್ಲ.

ನೇಯ್ಗೆಯನ್ನೂ ನೋಡಿ

ನೂಲಿನಷ್ಟೇ ನೇಯ್ಗೆಯೂ ಮುಖ್ಯ. ಕುಣಿಕೆ ಕುಣಿಕೆಯಾಗಿರುವ ಹಾಸಿನಲ್ಲಿ ಉಗುರು ಸಿಕ್ಕಿ ಸಾಲುಸಾಲಾಗಿ ಎಳೆ ಬಿಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ಉಗುರೇ ಕಿತ್ತು ರಕ್ತ ಬರುತ್ತದೆ. ಉದ್ದ ತುಪ್ಪಳದ ಶ್ಯಾಗಿ ಕಾರ್ಪೆಟ್‌ನಲ್ಲಿ ಉದುರಿದ ಕೂದಲು ಹೆಣೆದುಕೊಂಡು ಪೊರಕೆಗೂ ಬಾರದು. ದರಿಯಂತೆ ಚಪ್ಪಟೆಯಾಗಿ ನೇಯ್ದದ್ದು ಅತ್ಯುತ್ತಮ. ತುಪ್ಪಳ ಬೇಕೇ ಬೇಕೆಂದರೆ ಗಿಡ್ಡವಾಗಿ ಕತ್ತರಿಸಿದ್ದನ್ನು ಆರಿಸಬಹುದು. ಹಾಸಿನ ಬೆನ್ನನ್ನು ತಿರುಗಿಸಿ ನೋಡುವುದನ್ನು ಮರೆಯಬೇಡಿ. ಮೇಲೆ ಪ್ಲಾಸ್ಟಿಕ್ ನೂಲಿದ್ದರೂ ಬೆನ್ನಿಗೆ ಸೆಣಬಿನ ಬಟ್ಟೆ ಅಂಟಿಸಿದ್ದರೆ ವಾಸನೆ ಅಲ್ಲೇ ಕೂರುತ್ತದೆ.

ಯಾವ ನೂಲು ಎಂದು ಮಾರುವವರಿಗೂ ಕೆಲವೊಮ್ಮೆ ತಿಳಿದಿರುವುದಿಲ್ಲ. ಅಂಚಿನಿಂದ ಒಂದೆರಡು ಎಳೆ ಕೇಳಿ ಪಡೆದು ಪರೀಕ್ಷಿಸಬಹುದು. ನೀರಿನ ಲೋಟದಲ್ಲಿ ಚೆನ್ನಾಗಿ ಅದ್ದಿ ಬಿಟ್ಟಾಗ ಪಾಲಿಪ್ರೊಪಿಲೀನ್ ತೇಲುತ್ತದೆ. ಪಾಲಿಯೆಸ್ಟರ್, ನೈಲಾನ್ ಮುಳುಗುತ್ತವೆ. ಚಿಮಟದಲ್ಲಿ ಹಿಡಿದು ಸಿಂಕಿನ ಮೇಲೆ ಸುಟ್ಟರೆ ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಹತ್ತಿ ಮತ್ತು ವಿಸ್ಕೋಸ್ ಕಾಗದದಂತೆ ಉರಿದು ಬೂದಿಯಾಗುತ್ತವೆ. ಪ್ಲಾಸ್ಟಿಕ್ ನೂಲುಗಳು ಕರಗಿ ಗಟ್ಟಿ ಗುಂಡಾಗುತ್ತವೆ. ಹತ್ತಿ, ವಿಸ್ಕೋಸ್‌ಗಳ ನಡುವಿನ ವ್ಯತ್ಯಾಸ ತಿಳಿಯಲು ಎಳೆಯನ್ನು ಒದ್ದೆ ಮಾಡಿ ಎಳೆಯಿರಿ. ಸಲೀಸಾಗಿ ತುಂಡಾದರೆ ಅದು ವಿಸ್ಕೋಸ್.

ಮೂತ್ರ ಬಿದ್ದ ಕೂಡಲೇ

ಹೊಸದಾಗಿ ಬಿದ್ದ ಮೂತ್ರಕ್ಕೆ ವಾಸನೆ ಅಷ್ಟಿರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಒಡೆದಾಗ ಘಾಟು ಏಳುತ್ತದೆ. ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕಯುಕ್ತ ವಸ್ತುವೂ ಇರುವುದರಿಂದ ಅದರ ವಾಸನೆ ಇನ್ನೂ ತೀಕ್ಷ್ಣ. ಹಾಗಾಗಿ ಬೇಗ ಕೈಹಾಕಿದಷ್ಟೂ ಲಾಭ.

ಮೊದಲು ಹಳೆ ಟವೆಲ್ ಅಥವಾ ರದ್ದಿ ಪೇಪರ್ ಇಟ್ಟು ಒತ್ತಿ ತೇವ ಹೀರಿಸಬೇಕು. ಉಜ್ಜಬಾರದು, ಉಜ್ಜಿದರೆ ಕಲೆ ಹರಡುತ್ತದೆ. ಅನಂತರ ತಣ್ಣೀರು ಹಾಕಿ ಮತ್ತೆ ಹೀರಿಸಬೇಕು. ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಹಾಕಿದರೆ ಅಮೋನಿಯಾದ ಘಾಟು ಇಳಿಯುತ್ತದೆ. ಆರಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಗುಡಿಸಬಹುದು. ಹತ್ತಿ ದರಿಯಾದರೆ ಇಷ್ಟೆಲ್ಲ ಬೇಕಿಲ್ಲ, ನೇರವಾಗಿ ಒಗೆದರಾಯಿತು. ಹಳೆಯ, ಮತ್ತೆ ಮತ್ತೆ ವಾಸನೆ ಬರುವ ಜಾಗಕ್ಕೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಝೈಮ್ ದ್ರವವೇ ಪರಿಣಾಮಕಾರಿ. ವಾಸನೆ ಪೂರ್ತಿ ಹೋಗದಿದ್ದರೆ ಪ್ರಾಣಿ ಅದೇ ಜಾಗಕ್ಕೆ ಮರಳುತ್ತದೆ ಎಂಬುದು ನೆನಪಿರಲಿ. ಅಮೋನಿಯಾ ಇರುವ ಕ್ಲೀನರ್ ಬಳಸಿದರೂ ಹೀಗೆಯೇ, ಅದಕ್ಕೆ ಮೂತ್ರದ್ದೇ ವಾಸನೆ.

ಫಿನಾಯಿಲ್ ವಿಷಯದಲ್ಲಿ ಜಾಗ್ರತೆ

ನಮ್ಮ ಮನೆಗಳಲ್ಲಿ ಹೊಲಸು ಕಂಡೊಡನೆ ಕೈ ಹೋಗುವುದು ಫಿನಾಯಿಲ್ ಬಾಟಲಿಗೆ. ಕಪ್ಪು ಫಿನಾಯಿಲ್‌ನಲ್ಲಿರುವ ಫಿನಾಲ್ ಬಗೆಯ ರಾಸಾಯನಿಕಗಳು, ಕ್ಲೋರೋಕ್ಸಿಲೆನಾಲ್ ಇರುವ ಆಂಟಿಸೆಪ್ಟಿಕ್ ದ್ರವಗಳು ಬೆಕ್ಕಿಗೆ ವಿಷ. ಇವುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಒದ್ದೆ ನೆಲದಲ್ಲಿ ನಡೆದ ಬೆಕ್ಕು ತನ್ನ ಪಾದ ನೆಕ್ಕಿಕೊಂಡರೂ ಸಾಕು, ಅಪಾಯವಾಗಬಹುದು.

ಬ್ಲೀಚಿಂಗ್ ದ್ರಾವಣವನ್ನು ಮೂತ್ರದ ಮೇಲೆ ನೇರವಾಗಿ ಸುರಿಯಬಾರದು. ಅಮೋನಿಯಾದೊಡನೆ ಸೇರಿ ವಿಷಾನಿಲ ಏಳುತ್ತದೆ. ವಿನೆಗರ್ ಜತೆ ಬೆರೆಸಿದರೂ ವಿಷಾನಿಲವೇ. ಮಡಚಿಟ್ಟ ಜಮಖಾನದ ನಡುವೆ ಇಡುವ ನುಸಿಗುಳಿಗೆ, ಅಂದರೆ ಇಲ್ಲಿ ಡಾಂಬರು ಗೋಲಿ ಎನ್ನುವ ನಾಫ್ತಲೀನ್ ಕೂಡ ನಾಯಿ-ಬೆಕ್ಕು ತಿಂದರೆ ವಿಷ. ಅದರ ಬದಲು ಒಣಗಿದ ಬೇವಿನೆಲೆ ಇಡುವ ಅಜ್ಜಿಯಂದಿರ ಪದ್ಧತಿಯೇ ಕ್ಷೇಮ.

ಚಿಗಟ, ಉಣ್ಣಿ ಅಡಗುವ ತಾಣ

ಚಿಗಟ ಮೊಟ್ಟೆ ಇಡುವುದು ನಾಯಿಯ ಮೈಮೇಲಾದರೂ ಆ ಮೊಟ್ಟೆಗಳು ಉದುರಿ ಮರಿಯಾಗುವುದು ಜಮಖಾನದಲ್ಲಿ. ಸೆಖೆ, ತೇವ ಎರಡೂ ಇದ್ದರೆ ಎರಡು ಮೂರು ವಾರದಲ್ಲೇ ಹೊಸ ಪೀಳಿಗೆ ಸಿದ್ಧ. ನಾಯಿಗಳಲ್ಲಿ ಸಾಮಾನ್ಯವಾದ ಕಂದು ಉಣ್ಣಿ ಮೈಯಿಂದ ಇಳಿದು ಗೋಡೆಯ ಬಿರುಕು, ಹಾಸಿನ ಅಂಚುಗಳಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗಳ 'ಟಿಕ್ ಫೀವರ್' ಹರಡುವುದು ಈ ಉಣ್ಣಿಯಿಂದಲೇ. ಆದ್ದರಿಂದ ವಾರಕ್ಕೆರಡು ಸಲವಾದರೂ ಜಮಖಾನ ಎತ್ತಿ ಕೊಡವಿ, ಕೆಳಗಿನ ನೆಲ ಒರೆಸಬೇಕು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಮತ್ತೂ ಒಳ್ಳೆಯದು. ನಾಯಿಗೆಂದು ತಂದ ಪರ್ಮೆಥ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಎಂದೂ ಹಚ್ಚಬಾರದು, ಜೀವಕ್ಕೇ ಕುತ್ತು.

ಸಿಟ್ಟಾಗುವ ಮೊದಲು

ಅಭ್ಯಾಸವಾಗಿದ್ದ ಪ್ರಾಣಿ ಇದ್ದಕ್ಕಿದ್ದಂತೆ ಜಮಖಾನ ಒದ್ದೆ ಮಾಡತೊಡಗಿದರೆ ಗದರುವ ಮೊದಲು ಯೋಚಿಸಬೇಕು. ಮೂತ್ರನಾಳದ ಸೋಂಕು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ಮುಕ್ಕರಿಸಿದರೂ ಮೂತ್ರ ಬಾರದಿದ್ದರೆ ನಾಳ ಕಟ್ಟಿಕೊಂಡಿರುವ ಸಂಭವವಿದೆ. ಅದನ್ನು ಮರುದಿನಕ್ಕೆ ಮುಂದೂಡದೆ ತಕ್ಷಣ ಪಶುವೈದ್ಯರಲ್ಲಿಗೆ ಒಯ್ಯಬೇಕು. ಪರೇಲ್‌ನಲ್ಲಿ ಬಾಯಿ ಸಕ್ಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ, ಬಾಂಬೆ ವೆಟರ್ನರಿ ಕಾಲೇಜು ಇವೆ. ಉಪನಗರದವರು ತಮಗೆ ಹತ್ತಿರದ ವೈದ್ಯರ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳಿತು.

ನಾಯಿಮರಿಯ ಮಾತು ಬೇರೆ. ಎಳೆಮರಿಗೆ ಮೆತ್ತಗಿನ, ಹೀರುವ ಜಾಗವೇ ಶೌಚಕ್ಕೆ ಸರಿ ಎನಿಸುತ್ತದೆ. ಅಭ್ಯಾಸವಾಗುವ ತನಕ ರದ್ದಿ ಪೇಪರ್, ಪ್ಲಾಸ್ಟಿಕ್ ಚಾಪೆ ಸಾಕು. ಒಳ್ಳೆಯ ಜಮಖಾನವನ್ನು ಆಮೇಲೆ ತರಬಹುದು.

ಖರ್ಚಿನ ಲೆಕ್ಕ

ಅಗ್ಗ ಎಂಬುದನ್ನು ಬೆಲೆಚೀಟಿಯಿಂದ ಅಳೆಯುವಂತಿಲ್ಲ. ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ: 6,000 ರೂಪಾಯಿಯ ಕಾರ್ಪೆಟನ್ನು ವರ್ಷಕ್ಕೆರಡು ಸಲ 1,000 ರೂಪಾಯಿ ಕೊಟ್ಟು ಹೊರಗೆ ತೊಳೆಸಿದರೆ ಮೂರು ವರ್ಷಕ್ಕೆ 12,000 ರೂಪಾಯಿ ಆಯಿತು. ತಲಾ 1,200 ರೂಪಾಯಿಯ ಎರಡು ದರಿ ತಂದು ಮನೆಯಲ್ಲೇ ಒಗೆದರೆ ಅದೇ ಮೂರು ವರ್ಷಕ್ಕೆ 2,400 ರೂಪಾಯಿ ಮತ್ತು ಸೋಪಿನ ಖರ್ಚು ಅಷ್ಟೇ.

ಆದ್ದರಿಂದ ಒಂದು ದೊಡ್ಡ ಕಾರ್ಪೆಟ್‌ನ ಬದಲು ಒಂದೇ ಅಳತೆಯ ಎರಡು ಸಣ್ಣ ಹಾಸು ಕೊಳ್ಳುವುದೇ ಜಾಣತನ. ಒಂದು ನೆಲದ ಮೇಲಿದ್ದಾಗ ಇನ್ನೊಂದು ಹಗ್ಗದ ಮೇಲಿರುತ್ತದೆ. ಬೇಸಿಗೆ, ಚಳಿಗೆ ಹತ್ತಿಯ ದರಿ. ಮಳೆಗಾಲಕ್ಕೆ ಪಾಲಿಪ್ರೊಪಿಲೀನ್ ಹಾಸು ಅಥವಾ ಪ್ಲಾಸ್ಟಿಕ್ ಚಾಪೆ. ಭಜನೆಗೆ, ಹಬ್ಬಕ್ಕೆ, ಊರಿನಿಂದ ಬರುವ ನೆಂಟರಿಗೆ ಬೇರೆಯೇ ಒಂದು ಜಮಖಾನವನ್ನು ಮಡಚಿ ಮೇಲಿಟ್ಟರೆ ಮಡಿ-ಮೈಲಿಗೆ ನೋಡುವ ಹಿರಿಯರಿಗೂ ಸಮಾಧಾನ. ಮುಂದಿನ ಮಳೆಗಾಲಕ್ಕೆ ಮೊದಲೇ, ಬಿಸಿಲಿರುವ ಮೇ ತಿಂಗಳಲ್ಲಿ ಮನೆಯ ಹಾಸುಗಳನ್ನೆಲ್ಲ ಒಮ್ಮೆ ಹೊರತೆಗೆದು, ಒಗೆಯಲು ಬರುವುದು ಯಾವುದು, ಬಾರದ್ದು ಯಾವುದು ಎಂದು ವಿಂಗಡಿಸಿಕೊಂಡರೆ ಸಾಕು, ಅರ್ಧ ಕೆಲಸ ಮುಗಿದಂತೆ.